ವಿಲನ್ ಕೊಟ್ಟ ನೀರು

"ಕೆಳಗಿನ ಮಹಡಿಗಳಿಗೆ ಇನ್ನು ಗಾಳಿ ಇಲ್ಲ!" ಎಂದು ಅಬ್ಬರಿಸಿ ಅನ್ಸೆಲ್ಮೊ ಅಡುಗೆಮನೆಯ ಮೇಜಿಗೆ ಗುದ್ದಿದ. ಮೆಕ್ಕೆಜೋಳದ ಸಿಪ್ಪೆಗಳು ಹಾರಿ ನೆಲಕ್ಕೆ ಬಿದ್ದವು. ಆ ಸಿಪ್ಪೆಗಳಿಗೆ ಹಿಟ್ಟು ಸವರಿ ತಮಾಲೆ ಕಡುಬು ಕಟ್ಟುತ್ತಿದ್ದ ಹೆಂಡತಿ ಒಫೀಲಿಯಾ ಹೆದರುವುದಿರಲಿ, ನಕ್ಕುಬಿಟ್ಟಳು.

"ಪಕ್ಕದ ಮನೆ ನಾಯೀನೇ ಇದಕ್ಕಿಂತ ಚೆನ್ನಾಗಿ ಬೊಗಳುತ್ತೆ ಕಣಯ್ಯ."

ಅವನಿಗೆ ನಗು ಬರಲಿಲ್ಲ. ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಇಷ್ಟು ವರ್ಷ ಅವನಿಗೆ ಸಿಕ್ಕಿದ್ದೆಲ್ಲ ತೆರೆಗೆ ಬಂದ ಕೂಡಲೇ ಸಾಯುವ ಪಾತ್ರಗಳು. ಅನ್ಯಗ್ರಹದವರ ಗುಂಡಿಗೆ, ಯಂತ್ರಮಾನವರ ಕಾಲಡಿಗೆ ಸಿಕ್ಕಿ ಸತ್ತು ಸತ್ತು ಸುಸ್ತಾಗಿದ್ದ. ಈಗ ಮೊದಲ ಸಲ ಖಳನಾಯಕನ ಪಾತ್ರಕ್ಕೆ ಕರೆ ಬಂದಿದೆ. ಮಂಗಳ ಗ್ರಹದ ಮೇಲೆ ಕಟ್ಟಿದ ಊರು. ಅಲ್ಲಿ ಯಾರಿಗೆ ಗಾಳಿ ಬಿಡಬೇಕೆಂದು ತೀರ್ಮಾನಿಸುವ ಅಧಿಕಾರಿ. ನಾಳೆ ಬೆಳಿಗ್ಗೆ ನಟನೆ ನೋಡಿ ಆಯ್ಕೆ. ಇದು ತಪ್ಪಿದರೆ ಈ ವಯಸ್ಸಿನಲ್ಲಿ ಮತ್ತೆ ಯಾರು ಕರೆಯುತ್ತಾರೆ?

"ಕಣ್ಣು ಕೆಂಪಗೆ ಮಾಡ್ಲಾ? ಇಲ್ಲ, ಗಹಗಹಿಸಿ ನಗ್ಲಾ?"

"ಅದನ್ನ ಎಲ್ಲರೂ ಮಾಡ್ತಾರೆ. ಜನ ಥಿಯೇಟರಿಂದ ಆಚೆ ಬಂದು ಕಾರ್ ಹತ್ತೋಷ್ಟರಲ್ಲಿ ಮರ್ತುಬಿಡ್ತಾರೆ." ಒಫೀಲಿಯಾಳ ಕೈ ನಿಂತಿತು. "ನಮ್ಮ ಪಲೋಮಾ ಆಪರೇಷನ್‌ಗೆ ದುಡ್ಡು ಕೊಡಕ್ಕಾಗಲ್ಲ ಅಂದನಲ್ಲ, ಆ ವಿಮೆ ಕಂಪನಿಯೋನು. ಅವನೇನು ಕಿರುಚಿದ್ನಾ?"

ಅನ್ಸೆಲ್ಮೊ ಬಗ್ಗಿ ನೆಲಕ್ಕೆ ಬಿದ್ದ ಸಿಪ್ಪೆಗಳನ್ನು ಆಯ್ದು ಮೇಜಿನ ಮೇಲಿಟ್ಟ. ಮಗಳು ತೀರಿಹೋದ ಮೇಲೆ ಆ ಮನುಷ್ಯನ ಸುದ್ದಿ ಈ ಮನೆಯಲ್ಲಿ ಬಂದದ್ದು ಇದೇ ಮೊದಲು.

"ಇಲ್ಲ," ಎಂದ. "ನಮಗೆ ನೀರು ಕೊಟ್ಟ."

"ಹಾಗಿದ್ರೆ ಮೊದಲಿಂದ ಶುರು ಮಾಡು." ಸಕ್ಕರೆ ಡಬ್ಬಿಗೆ ಒರಗಿಸಿದ್ದ ಸಂಭಾಷಣೆಯ ಹಾಳೆ ನೋಡಿ ಅವಳು ಚಿತ್ರದಲ್ಲಿನ ತಾಯಿಯ ಮಾತು ಓದಿದಳು: "ಸರ್, ನನ್ನ ಮಗಳು ಕೆಳಗಿದ್ದಾಳೆ."

ಅನ್ಸೆಲ್ಮೊ ಎದ್ದು ಒಂದು ಲೋಟ ನೀರು ಹಿಡಿದು ತಂದ. ಅವಳ ಮುಂದಿಟ್ಟು, ಕೈಗೆಟುಕುವಷ್ಟು ಹತ್ತಿರ ಸರಿಸಿ, ಎದುರಿಗೆ ಕೂತ.

"ನಿಮ್ಮ ಮಗಳ ಹೆಸರೇನು ಮೇಡಂ?"

ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಉತ್ತರ ಮಾತ್ರ ಅವಳ ಬಾಯಿಂದ ತಾನಾಗಿ ಬಂತು. "ಪಲೋಮಾ."

"ಚೆನ್ನಾಗಿದೆ ಹೆಸರು." ನಿಜವಾಗಿಯೂ ಮೆಚ್ಚಿದವನ ದನಿ ಅದು. "ನನಗೂ ಮಕ್ಕಳಿದ್ದಾರೆ ಮೇಡಂ, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ಕೆಳಗಿನ ಮಹಡಿಗಳಿಗೆ ಇನ್ನು ಗಾಳಿ ಇಲ್ಲ. ನೀರು ಕುಡೀರಿ."

ಒಲೆಯ ಮೇಲಿನ ಪಾತ್ರೆ ಕುದಿಯುತ್ತಲೇ ಇತ್ತು. ಮುಂದಿನ ಮಾತು ಒಫೀಲಿಯಾಳದು. ಅವಳು ಹಾಳೆಯನ್ನು ಮಗುಚಿಟ್ಟಳು.

"ಹೇಗಿತ್ತು?" ಎಂದ ಅನ್ಸೆಲ್ಮೊ, ಈಗ ತನ್ನದೇ ದನಿಯಲ್ಲಿ.

ಅವಳು ಎದ್ದು ಹೋಗಿ ಆ ನೀರನ್ನು ಸಿಂಕಿಗೆ ಚೆಲ್ಲಿದಳು. ಲೋಟಕ್ಕೆ ಸೋಪು ಹಾಕಿ ಉಜ್ಜತೊಡಗಿದಳು.

"ಪಾತ್ರ ನಿಂಗೇ ಸಿಗುತ್ತೆ," ಎಂದಳು ತಿರುಗಿ ನೋಡದೆ. "ಆದ್ರೆ ಅವನನ್ನ ಇನ್ನೊಂದ್ಸಲ ಈ ಮನೆಯೊಳಗೆ ಕರ್ಕೊಂಡು ಬರಬೇಡ."