ಅಜೀಜಾಬಿಯ ಸ್ಟೂಲು

ಮಲಾಡಿನ ಸಮಸ್ತ ನಾಗರಿಕರ ಅವಗಾಹನೆಗೆ: ಧರ್ಮಾರ್ಥ ಹೆರಿಗೆ ಆಸ್ಪತ್ರೆಯ ಮರದ ಸ್ಟೂಲು ಒಂದನ್ನು ೧೯೭೩ರ ಜೂನ್ ಒಂದರಿಂದ ಪೊರಕೆ ಇಡುವ ಮೂಲೆಗೆ ವರ್ಗಾಯಿಸಲಾಗಿದೆ. ಪ್ರಯಾಣಭತ್ಯೆ ಇರುವುದಿಲ್ಲ.

ಇಷ್ಟನ್ನು ಹೇಳಲು ಹೊಸ ಸೂಪರಿಂಟೆಂಡೆಂಟ್ ಡಾಕ್ಟರ್ ಪರಪ್ಪನವರು ಎರಡು ಹಾಳೆ ಟೈಪ್ ಮಾಡಿಸಿದ್ದರು. ಸ್ಟೂಲು ಸೂಲಗಿತ್ತಿ ಅಜೀಜಾಬಿಯದು. ಇಪ್ಪತ್ತೆರಡು ವರ್ಷ ಅದರ ಮೇಲೆ ಕೂತು ಅವಳು ಹೆರಿಗೆ ಮಾಡಿಸಿದ್ದಳು. ಮಲಾಡಿನ ಅರ್ಧ ಜನ ಭೂಮಿಗೆ ಬಂದು ಮೊದಲು ಕಂಡದ್ದು ಅವಳ ಮೂಗುತಿಯನ್ನು.

ಸ್ಟೂಲಿನ ಹಿಂದೆ ನಿಯಮಗಳು ಬಂದವು. ನಿಯಮ ಒಂದು: ಹೆರಿಗೆಯನ್ನು ಡಾಕ್ಟರೇ ಮಾಡಿಸತಕ್ಕದ್ದು. ನಿಯಮ ಮೂರು: ಸೂಲಗಿತ್ತಿಯರು ಅಭಿಪ್ರಾಯ ಹೇಳಕೂಡದು. ನಿಯಮ ಐದು: ರಿಜಿಸ್ಟರಿನಲ್ಲಿ ಡಾಕ್ಟರು ‘ಪ್ರಸೂತಿ ಪೂರ್ಣ’ ಎಂದು ಸಹಿ ಹಾಕಿದ ಮೇಲೆ ಏನಾದರೂ ಅದು ಸೂಲಗಿತ್ತಿಯ ಹೆಸರಿಗೆ. ಅಂದರೆ ಹಾರ ಡಾಕ್ಟರಿಗೆ, ಭಾರ ದಾಯಿಗೆ.

ಆರು ಸೂಲಗಿತ್ತಿಯರ ಕೆಲಸ ಇನ್ನೂ ಹೋಗಿರಲಿಲ್ಲ. ಹೊಸ ವಾರ್ಡಿನ ಉದ್ಘಾಟನೆಯ ಸಭೆಯಲ್ಲಿ ಹೋಗುವುದಿತ್ತು. ಟ್ರಸ್ಟಿ ಅಣ್ಣು ಶೆಟ್ಟರಿಗೆ ಡಾಕ್ಟರು ಬರೆದುಕೊಟ್ಟಿದ್ದರು: ‘ಆ ದಿನ ಒಂದೇ ಒಂದು ಹೆರಿಗೆ ಸೂಲಗಿತ್ತಿಯ ಕೈಯಲ್ಲಾದರೂ ವಜಾ ಆಜ್ಞೆ ರದ್ದು.’ ಅದರ ನಕಲೂ ನೋಟೀಸು ಬೋರ್ಡಿನಲ್ಲಿತ್ತು. ಧೈರ್ಯ ಎಂದ ಮೇಲೆ ನಾಲ್ಕು ಜನಕ್ಕೆ ಕಾಣಬೇಕು.

ಉದ್ಘಾಟನೆಯ ಬೆಳಿಗ್ಗೆ, ಅಜೀಜಾಬಿ ತನ್ನ ಚೀಲಕ್ಕೆ ಏನೋ ತುರುಕುವುದನ್ನು ನರ್ಸ್ ವಾರಿಜಾ ಕಂಡಳು. ಕೂಸು ಸುತ್ತುವ ಬಟ್ಟೆ, ಕುಲಾವಿ, ಹೊಕ್ಕುಳು ಕಟ್ಟುವ ದಾರ.

“ಎಂತ ಚಾಚಿ, ಇದೆಲ್ಲ ಚೀಲದಲ್ಲಿ? ವಾರ್ಡಿನಲ್ಲಿ ತೆಗೆದಿಟ್ಟದ್ದು ಉಂಟಲ್ಲ?”

“ಅದು ಡಾಕ್ಟರ್ ಸಾಹೇಬ್ರದು. ಇದು ನಂದು.”

“ನಿಮಗೆಂತಕ್ಕೆ?”

“ಇಪ್ಪತ್ತೆರಡು ವರ್ಷ ದುಡಿದೇನಿ. ಬರೇ ಕೈಲೇ ಮನೀಗೆ ಹೋಗ್ಲೇನು?” ಅಜೀಜಾಬಿ ನಕ್ಕಳು.

ವಾರಿಜಾಳಿಗೆ ಆ ನಗು ಹಿಡಿಸಲಿಲ್ಲ. ಅವತ್ತು ವಾರ್ಡಿನಲ್ಲಿ ಇದ್ದವರು ಇಬ್ಬರೇ. ಹಿಂದಿನ ದಿನ ಹೆಣ್ಣು ಹೆತ್ತು ಮಲಗಿದ್ದವಳೊಬ್ಬಳು. ಇನ್ನೊಬ್ಬಳು, ಹೊಟೇಲು ಅಡಿಗೆಯವನ ಹೆಂಡತಿ ಅಕ್ಕು. ಅವಳಿಗೆ ನೋವು ಶುರುವಾಗಿತ್ತು. ನಿನ್ನೆ, ನಿಯಮಗಳು ಜಾರಿಗೆ ಬರುವ ಮುನ್ನಾದಿನ, ಮುಟ್ಟಲು ಇನ್ನೂ ಅಪ್ಪಣೆಯಿದ್ದಾಗ, ಅಜೀಜಾಬಿ ಅಕ್ಕುವಿನ ಹೊಟ್ಟೆಗೆ ಕಿವಿಯಿಟ್ಟು ಬಹಳ ಹೊತ್ತು ಕೂತಿದ್ದಳು. ಈಗ ಅವಳ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು.

“ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ. ನನ್ನ ಪಾಲಿಂದು ನನಗ ಬಿಡು.”

ಅಕ್ಕು ಅಳುತ್ತಲೇ ತಲೆಯಾಡಿಸಿದಳು. ವಾರಿಜಾಳಿಗೆ ಅದು ಕೇಳಿಸಿತು. ಪಾಲು! ಮುದುಕಿ ಕೂಸನ್ನು ಕದಿಯುತ್ತಾಳೋ, ಬದಲಾಯಿಸುತ್ತಾಳೋ?

ಹತ್ತು ಗಂಟೆಗೆ ಡಾಕ್ಟರು ಬಂದರು, ಹಿಂದೆ ಫೋಟೋದವನು.

“ಸಾಹೇಬ್ರ, ಈಕಿ ಹೊಟ್ಟಿ ಒಂದೀಟು...” ಅಜೀಜಾಬಿ ಬಾಯಿ ತೆರೆದಳು.

“ನಿಯಮ ಮೂರು!” ಎಂದರು ಡಾಕ್ಟರು.

ಅವಳು ಬಾಯಿ ಮುಚ್ಚಿ, ಕೈಕಟ್ಟಿ ಗೋಡೆಗೊರಗಿ ನಿಂತಳು. ಹತ್ತೂ ನಲವತ್ತಕ್ಕೆ ಗಂಡು ಕೂಸು ಹುಟ್ಟಿತು. ಚಿಕ್ಕದು, ಆದರೆ ಗಂಟಲು ದೊಡ್ಡದು. ಡಾಕ್ಟರು ಅದನ್ನು ಎತ್ತಿ ಹಿಡಿದರು. ಫ್ಲ್ಯಾಶ್ ಹೊಡೆಯಿತು. ಕೂಸನ್ನು ಅಕ್ಕುವಿನ ಎದೆಯ ಮೇಲಿಟ್ಟು ಅವರು ರಿಜಿಸ್ಟರಿಗೆ ಕೈಚಾಚಿದರು.

“ಈಗ ಸಹಿ ಮಾಡ್ತೀರೇನ್ರೀ?” ಅಜೀಜಾಬಿ ಕೇಳಿದಳು.

“ಮತ್ತೆ ಯಾವಾಗ? ಮುಗೀತಲ್ಲ.”

“ಮುಗೀತು ಅಂತನ ಬರೀರಿ ಹಂಗಾದ್ರ. ಟೈಮೂ ಹಾಕ್ರಿ.”

ಬರೆದರು. ಟೈಮೂ ಹಾಕಿದರು. “ಉಳಿದ ಕೊಳೆ ಕೆಲಸ ನಿನ್ನದು” ಎಂದು ಕೈ ತೊಳೆದುಕೊಂಡರು, ಎರಡೂ ಅರ್ಥದಲ್ಲಿ. ಲಾಡಿನ ತಟ್ಟೆ ಹಿಡಿಯಲು ವಾರಿಜಾಳನ್ನೂ ಕರೆದುಕೊಂಡು ಸಭೆಗೆ ಹೊರಟರು. ಬಾಗಿಲು ಮುಚ್ಚುವಾಗ ವಾರಿಜಾ ತಿರುಗಿ ನೋಡಿದಳು. ಅಜೀಜಾಬಿ ಪೊರಕೆ ಮೂಲೆಯಿಂದ ಸ್ಟೂಲನ್ನು ಎಳೆದು ತರುತ್ತಿದ್ದಳು.

ಸಭೆಯಲ್ಲಿ ಡಾಕ್ಟರ ಭಾಷಣಕ್ಕೂ ನೋವು ಶುರುವಾಗಿತ್ತು. ಹೆರುವ ಲಕ್ಷಣ ಮಾತ್ರ ಇರಲಿಲ್ಲ. ಅರ್ಧ ಗಂಟೆಯ ಮೇಲೆ “ಇನ್ನು ಈ ಆಸ್ಪತ್ರೆಗೆ ಸೂಲಗಿತ್ತಿಯರ ಹಂಗಿಲ್ಲ” ಎಂಬಲ್ಲಿಗೆ ಬಂದರು. ಅಣ್ಣು ಶೆಟ್ಟರು ವಜಾ ಕಾಗದಕ್ಕೆ ಸಹಿ ಹಾಕಲು ಪೆನ್ನಿನ ಟೊಪ್ಪಿ ತೆಗೆದರು. ಆಗ ಬಾಗಿಲಲ್ಲಿ ಅಜೀಜಾಬಿ ಕಂಡಳು. ಕಂಕುಳಲ್ಲಿ ರಿಜಿಸ್ಟರು. ಸೆರಗಿನೊಳಗೆ ಒಂದು ಗಂಟು. ಗಂಟು ಮಿಸುಕಾಡಿತು.

ವಾರಿಜಾಳ ತಟ್ಟೆ ಕೆಳಗೆ ಬಿತ್ತು. “ಸಾರ್! ಚಾಚಿ ಮಗು ಕದ್ದಿದ್ದಾರೆ!”

“ಕಳ್ಳಿ!” ಡಾಕ್ಟರು ಮೈಕು ಬಿಟ್ಟು ನೆಗೆದರು. “ಪೊಲೀಸರನ್ನು ಕರೆಯಿರಿ! ಅದು ನನ್ನ ಮಗು!”

“ನಿಮ್ಮದಾ ಡಾಕ್ಟ್ರೇ?” ಅಣ್ಣು ಶೆಟ್ಟರು ಗಾಬರಿಯಾದರು. “ಅಡಿಗೆಯವನಿಗೆ ಗೊತ್ತುಂಟಾ ಮಾರಾಯ್ರೆ?”

“ನಾನು ಹೆರಿಗೆ ಮಾಡಿಸಿದ ಮಗು!”

“ಸುಳ್ಳು ಹೇಳಬ್ಯಾಡ್ರಿ ಸಾಹೇಬ್ರ,” ಅಜೀಜಾಬಿ ಅಂದಳು. “ಇದಕ್ಕ ನೀವು ಕೈ ಸೈತ ಹಚ್ಚಿಲ್ಲ. ನೀವು ಹಿಡದಿದ್ದು ಅಲ್ಲೇ ಐತಿ, ಅವ್ವನ ಹಾಲು ಕುಡಿಯಾಕತ್ತೈತಿ.”

“ಹಾಗಾದರೆ ಪಕ್ಕದ ಮಂಚದ ಹೆಣ್ಣು ಮಗು!”

“ಅದೂ ತನ್ನ ತೊಟ್ಲಾಗ ನಿದ್ದಿ ಹೊಡೀಲಿಕ್ಕತ್ತೈತಿ. ಹೋಗಿ ಎಣಿಸ್ಕೊಂಡು ಬರ್ರಿ.”

ವಾರಿಜಾ ಓಡಿ ಹೋಗಿ ನೋಡಿ ಬಂದಳು. ತೊಟ್ಟಿಲಲ್ಲಿ ಒಂದು, ಅಕ್ಕುವಿನ ಎದೆಯಲ್ಲಿ ಒಂದು. ಯಾವುದೂ ಕಡಿಮೆಯಿರಲಿಲ್ಲ. ಅಕ್ಕು ನಗುತ್ತಿದ್ದಳು.

ಅಜೀಜಾಬಿ ರಿಜಿಸ್ಟರನ್ನು ಮೇಜಿನ ಮೇಲಿಟ್ಟಳು. “ನಿಯಮ ಐದು, ಶೆಟ್ರ. ಜೋರಾಗಿ ಓದ್ರಿ.”

ಅಣ್ಣು ಶೆಟ್ಟರು ಪೆನ್ನಿಗೆ ಟೊಪ್ಪಿ ಹಾಕಿ, ಕನ್ನಡಕ ಏರಿಸಿ, ‘೧೦-೪೦, ಗಂಡು, ಪ್ರಸೂತಿ ಪೂರ್ಣ’ ಎಂಬ ಡಾಕ್ಟರ ಸಹಿಯ ಕೆಳಗಿನ ಹಸಿ ಶಾಯಿಯ ಸಾಲನ್ನು ಮೈಕಿನಲ್ಲಿ ಓದಿದರು:

“೧೧-೦೫, ತಾಯಿ ಅದೇ ಅಕ್ಕು, ಅವಳಿಯ ಎರಡನೆಯ ಕೂಸು, ಹೆಣ್ಣು, ಹೆರಿಗೆ ಮಾಡಿಸಿದವರು: ಸೂಲಗಿತ್ತಿ ಅಜೀಜಾಬಿ.”