ಚೆಲುವಮ್ಮನ ಉಗುರು

ಸಸ್ಯವಿಷ ಕರುಳಿನ ಪೊರೆ ದಾಟಿದ ಗಳಿಗೆಯಲ್ಲೇ ಉಗುರು ನೀಲಿಯಾಗುವಂಥ ಲಸಿಕೆ ಎಲ್ಲರಿಗೂ ಹಾಕಿಯಾಗಿತ್ತು. ಅಂದಿನಿಂದ ಅಡುಗೆಯವರು ಮೊದಲು ತಾವುಂಡು, ಉಗುರು ತೋರಿಸಿಯೇ ಬಡಿಸುವುದು ರೂಢಿ.

ಪ್ರಯೋಗಾಲಯದಲ್ಲಿ ದಿನವಿಡೀ ಕಾಯಿಪಲ್ಯದ ವಿಷ ಹುಡುಕುವ ಪದ್ಮನಾಭನಿಗೆ ಸೋರೆಕಾಯಿ ಕಂಡರೇ ಅನುಮಾನ: ಕಹಿಯಿದ್ದರೆ ವಿಷ. ಇವತ್ತು ಕ್ಯಾಂಟೀನಿನಲ್ಲಿ ಅದರದೇ ಪಲ್ಯ, ಅಡುಗೆಯ ಚೆಲುವಮ್ಮನ ಉಗುರಿಗೆ ಮದರಂಗಿ ಬೇರೆ!

“ಏನಮ್ಮಾ, ಏನು ಮುಚ್ಚಿಡ್ತಿದ್ದೀಯ?”

“ತಂಗಿ ಮಗಳ ಮದುವೆ ಇತ್ತು ಸಾರ್. ಬೇಕಾದ್ರೆ ಕಾಲುಗುರು ನೋಡಿ.”

ಕಾಲಿಗೆ ಬೀಳುವವನಂತೆ ಬಗ್ಗಿ ಹತ್ತೂ ಬೆರಳು ನೋಡಿದ. ಒಂದೂ ನೀಲಿಯಿಲ್ಲ. ನಾಚಿಕೆಯಾಗಿ, ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ಉಂಡ. ಕೊಂಚ ಕಹಿ ಅನಿಸಿತು. ಹಾಳು ಅನುಮಾನ ಎಂದುಕೊಂಡು ನುಂಗಿದ.

ತಟ್ಟೆ ಎತ್ತುತ್ತಾ ಚೆಲುವಮ್ಮ ಕೇಳಿದಳು: “ಪಲ್ಯ ಹೆಂಗಿತ್ತು ಸಾರ್? ಇವತ್ತು ಶನಿವಾರ, ನನಗೆ ಉಪವಾಸ, ರುಚಿ ನೋಡಿಲ್ಲ.”

ಪದ್ಮನಾಭ ಮೆಲ್ಲಗೆ ತನ್ನ ಕೈ ತಿರುಗಿಸಿ ನೋಡಿಕೊಂಡ.