ಹೊಸಿಲು ದಾಟದವಳು

“ಆ ಕೂಸನ್ನ ನನ್ನ ಕಣ್ಣೆದುರು ತರಬೇಡ ಅಂದಿದ್ದೆ. ಅಂದಿದ್ನೋ ಇಲ್ವೋ?”

ಮೂಡಿಗೆರೆ ಕೋರ್ಟಿನ ಮೆಟ್ಟಿಲ ಮೇಲೆ ದ್ಯಾವಮ್ಮ ಶಾಲಿನಿಯ ದಾರಿಗೆ ಅಡ್ಡ ನಿಂತಿದ್ದರು. ಶಾಲಿನಿ ಮಗುವಿನ ತಲೆಯ ಮೇಲೆ ಸೆರಗು ಎಳೆದಳು. ದ್ಯಾವಮ್ಮನವರ ಒಬ್ಬನೇ ಮಗ ಅಶ್ವಿನ್ ಜೀಪಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, ಗೋಡೆಯ ನೋಟಿಸು ಓದುವವನಂತೆ ನಿಂತಿದ್ದ. ಮಗುವಿನ ಕಡೆ ಒಮ್ಮೆಯೂ ತಿರುಗಲಿಲ್ಲ.

“ಕಣದಲ್ಲಿ ಕಾಫಿ ಹರಡಿದ್ದು ಹಾಗೇ ಬಿಟ್ಟು ಬಂದಿದೀನಿ, ನಿನ್ನ ದೆಸೆಯಿಂದ. ನಮ್ಮನೆ ಮರ್ಯಾದೆ ತೆಗೆದು ಅದೆಂಥ ಉದ್ಧಾರ ಆಗ್ತೀಯೆ?”

“ಮರ್ಯಾದೆ ನಿಮ್ಮತ್ರಾನೇ ಇಟ್ಕೊಳ್ಳಿ. ನಾನು ಕೇಳ್ತಿರೋದು ಕೂಸಿಗೆ ಹಾಲು, ಅನ್ನ.”

“ನಾಲಿಗೆ ನೋಡು ಇದರದ್ದು!”

ದೇವರಮನೆ ಎಂಬ ಗುಡ್ಡದಲ್ಲಿ, ಮಂಜು ಮುಸುಕಿದ ಒಂದು ಬೆಳಿಗ್ಗೆ, ಅಶ್ವಿನ್ ಅವಳಿಗೆ ತಾಳಿ ಕಟ್ಟಿದ್ದ. ಫೋಟೋ ಇಲ್ಲ, ಜನ ಇಲ್ಲ. ನೋಡಿದವನು ದೇವರೊಬ್ಬನೇ, ಅವನ ಹೆಸರಿಗೆ ಸಮನ್ಸು ಕಳಿಸುವವರು ಯಾರು? ಹೊಟ್ಟೆ ಕಾಣಿಸುವ ಹೊತ್ತಿಗೆ ಅಶ್ವಿನ್ ಅವಳಿದ್ದ ಕಳಸದ ಬಾಡಿಗೆ ಮನೆಗೆ ಬರುವುದನ್ನೇ ಬಿಟ್ಟ. ಹೋದ ವರ್ಷ ಭಾದ್ರಪದದ ಮೊದಲ ದಿನವೇ ಕವನಾ ಹುಟ್ಟಿದಳು. ಜೀವನಾಂಶದ ಅರ್ಜಿ ಹಾಕಿದಾಗ, ಮದುವೆಯೂ ಸುಳ್ಳು, ಮಗುವೂ ತನ್ನದಲ್ಲ ಎಂದು ಅವನು ಕೋರ್ಟಿಗೆ ಬರೆದುಕೊಟ್ಟ.

ಶಾಲಿನಿಗೆ ಉಚಿತ ಕಾನೂನು ನೆರವಿನಲ್ಲಿ ಸಿಕ್ಕ ವಕೀಲೆ ಸರ್ವಮಂಗಳಾ. ಮೊದಲ ದಿನವೇ ಹೇಳಿದ್ದರು: “ಫೀಸಿನ ಚಿಂತೆ ಬೇಡ. ಹೆಂಗಸರಿಗೆ, ಮಕ್ಕಳಿಗೆ ಸರ್ಕಾರವೇ ವಕೀಲರನ್ನ ಕೊಡುತ್ತೆ. ಮದುವೆ ರುಜುವಾತಾಗದಿದ್ರೂ ಮಗುವಿನ ಹಕ್ಕು ಹೋಗಲ್ಲ. ಅವನೇ ಅಪ್ಪ ಅಂತ ತೋರಿಸಿದ್ರೆ ಆಯ್ತು.”

“ಅದನ್ನ ಯಾರು ಬಂದು ಹೇಳ್ತಾರೆ, ಮೇಡಂ?”

ಡಿಎನ್‌ಎ ಪರೀಕ್ಷೆಗೆ ಅಶ್ವಿನ್ ಒಪ್ಪಲಿಲ್ಲ; ಬಾಯಿಬಿಟ್ಟು ಹೇಳುವ ಸಾಕ್ಷಿ ಆವತ್ತು ಇರಲಿಲ್ಲ. ಈವತ್ತೂ ಇರಲಿಲ್ಲ. ಶಾಲಿನಿಯ ಕಡೆ ಸಾಕ್ಷಿಗಳು ಮುಗಿದಿದ್ದವು. ಈಗ ಬಂದಿದ್ದವರು ಎದುರಾಳಿಯ ಸಾಕ್ಷಿ, ದ್ಯಾವಮ್ಮ.

ದ್ಯಾವಮ್ಮ ಕಟಕಟೆ ಹತ್ತುವ ಮೊದಲು ಚಪ್ಪಲಿ ಬಿಟ್ಟರು. ದೇವರ ಹೆಸರಿನಲ್ಲಿ ಪ್ರಮಾಣ ಮಾಡುವಾಗ ಕಣ್ಣು ಮುಚ್ಚಿದರು. ಅಶ್ವಿನನ ವಕೀಲ ಜಯದೇವಪ್ಪ ಕೇಳಿದರು.

“ಈ ಹೆಂಗಸು ನಿಮ್ಮ ಮನೆಗೆ ಸೊಸೆಯಾಗಿ ಬಂದದ್ದುಂಟಾ?”

“ನಮ್ಮ ಹೊಸಿಲು ದಾಟಿದವಳಲ್ಲ.”

“ಸೊಸೆ ಅಂತ ಎಂದಾದ್ರೂ ಕರೆದಿದ್ರಾ?”

“ಈ ಬಾಯಿ ಕರೆದಿಲ್ಲ, ಕರೆಯೋದೂ ಇಲ್ಲ.”

ಜಯದೇವಪ್ಪ ತೃಪ್ತಿಯಿಂದ ಕುಳಿತರು. ಸರ್ವಮಂಗಳಾ ಎದ್ದರು.

“ಅಮ್ಮ, ನಿಮ್ಮದು ದೇವರು ದಿಂಡರಿಗೆ ಬಹಳ ನಡೆದುಕೊಳ್ಳೋ ಮನೆ ಅಂತಾರೆ.”

“ಅಂತಾರೆ ಏನು ಬಂತು? ದೇವರಿಗೆ ದೀಪ ಹಚ್ಚದೆ ನಾನು ನೀರು ಮುಟ್ಟಲ್ಲ.”

“ಗೌರಿ ಹಬ್ಬಕ್ಕೆ ನಿಮ್ಮನೆ ಬಾಗಿನ ತಗೊಳ್ಳೋಕೆ ಸುತ್ತಲಿನ ಹೆಂಗಸರೆಲ್ಲ ಬರ್ತಾರಂತಲ್ಲ?”

ದ್ಯಾವಮ್ಮನವರ ಮುಖ ಸ್ವಲ್ಪ ಸಡಿಲಾಯಿತು. “ನಮ್ಮತ್ತೆ ಕಾಲದಿಂದ ಬಂದದ್ದು.”

ಶಾಲಿನಿ ಮಗುವನ್ನು ಹೆಗಲು ಬದಲಿಸಿ ವಕೀಲೆಯ ಕಡೆ ನೋಡಿದಳು. ತನ್ನ ವಕೀಲೆ ಮಗುವಿನ ಮಾತೇ ಎತ್ತದೆ, ಇದೇನು ಹಬ್ಬದ ಸುದ್ದಿ! ಅಶ್ವಿನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

“ಈ ಸಲ ಗೌರಿ ಕೂರಿಸಿದ್ರಾ?”

“ಕೂರಿಸಿದ್ವಿ.”

“ಹೋದ ವರ್ಷ?”

ದ್ಯಾವಮ್ಮ ಸೆರಗು ಸರಿಮಾಡಿಕೊಂಡರು.

“ಬಾಗಿಲು ಹಾಕಿತ್ತಂತೆ. ಬಂದ ಹೆಂಗಸರು ವಾಪಸ್ ಹೋದ್ರಂತೆ.”

“ಸ್ವಾಮಿ, ಇದಕ್ಕೂ ಕೇಸಿಗೂ ಏನು ಸಂಬಂಧ?” ಜಯದೇವಪ್ಪ ಕುಳಿತಲ್ಲಿಂದಲೇ ಕೇಳಿದರು.

“ಸಾಕ್ಷಿ ಸತ್ಯವಂತರೋ ಅಲ್ಲವೋ ನೋಡ್ತಿದ್ದೀನಿ,” ಎಂದರು ಸರ್ವಮಂಗಳಾ. ನ್ಯಾಯಾಧೀಶರು ಗಡಿಯಾರ ನೋಡಿ, ಬೇಗ ಮುಗಿಸಿ ಎಂದರು.

“ಹೇಳಿ ಅಮ್ಮ. ಕಾಯಿಲೆ ಬಿದ್ದಿದ್ರಾ?”

“ಗುಂಡುಕಲ್ಲಿನ ಹಾಗಿದ್ದೆ.”

“ಊರಲ್ಲಿರಲಿಲ್ವಾ?”

“ನಾನೆಲ್ಲಿಗೆ ಹೋಗ್ಲಿ?”

“ಹಾಗಾದ್ರೆ ಕಾಫಿಗೆ ರೇಟು ಬಂದ ವರ್ಷ, ನೋಡಿ. ಕೈಯಲ್ಲಿ ನಾಲ್ಕು ಕಾಸು ಆಡಿದ ಮೇಲೆ ಗೌರಿ ಯಾಕೆ, ಬಾಗಿನ ಯಾಕೆ ಅನ್ನಿಸ್ತೇನೋ.”

ದ್ಯಾವಮ್ಮನವರ ಕೈ ಕಟಕಟೆಯ ಮರವನ್ನು ಬಿಗಿಯಾಗಿ ಹಿಡಿಯಿತು. ಅಲ್ಲಿ ಕುಳಿತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಇಷ್ಟು ವರ್ಷ ಊರಿಗೇ ಬಾಗಿನ ಕೊಟ್ಟ ಕೈ ಅದು.

“ಬಾಯಿಗೆ ಬಂದಂಗೆ ಆಡಬೇಡಮ್ಮ. ಯಾರ ಹತ್ರ ಏನು ಮಾತಾಡ್ತಿದೀಯ ಗೊತ್ತಾ?”

“ಕೊಬ್ಬು ಅಂತ ಬರೆಸಿಬಿಡ್ಲಾ ಹಾಗಾದ್ರೆ?”

ನಗು ನಿಲ್ಲಿಸಿದವನು ಅಶ್ವಿನ್ ಒಬ್ಬನೇ. ಅವನು ದಡಕ್ಕನೆ ಎದ್ದ. “ಅವ್ವ, ಸುಮ್ನಿರು! ಏನೂ ಹೇಳ್ಬೇಡ!”

ದ್ಯಾವಮ್ಮ ಮಗನ ಕಡೆ ತಿರುಗಿಯೂ ನೋಡಲಿಲ್ಲ. ಅವರ ದನಿ ಹೊರಗಿನ ಜಗಲಿಯವರೆಗೆ ಕೇಳಿಸಿತು.

“ಮನೆ ತುಂಬ ಮೊಮ್ಮಗಳು ಹುಟ್ಟಿದ ಸೂತಕ ಇಟ್ಕೊಂಡು ಗೌರಿನ ಹೆಂಗಮ್ಮ ಮುಟ್ಲಿ?”